ಹೂಜಿ ಗಿಡಕ್ಕೆ ರಾಮಗಿರಿಯ ನೀರು

ಎಪ್ಪತ್ತರ ದಶಕದಲ್ಲಿ ನಾನು ಚಿತ್ರದುರ್ಗದ ಒಂದು ಕಾಲೇಜಿನ ಸಸ್ಯಶಾಸ್ತ್ರ ವಿಭಾಗದಲ್ಲಿ ಡೆಮಾನ್‌ಸ್ಟ್ರೇಟರ್ ಆಗಿದ್ದೆ. ಅಸ್ಸಾಮಿನ ಕಡೆ ಪ್ರವಾಸ ಹೋಗಿದ್ದ ನಮ್ಮ ಮುಖ್ಯಸ್ಥರು ಟಿಫನ್ ಕ್ಯಾರಿಯರಿನಲ್ಲಿ ಒಂದು ಹೂಜಿ ಗಿಡ ತಂದು ಗಾಜಿನ ಮನೆಯಲ್ಲಿಟ್ಟರು. ಎಲೆಯ ತುದಿಯಲ್ಲಿ ಹೂಜಿಯಂಥ ಚೀಲ ಬಿಟ್ಟು, ಅದರೊಳಗೆ ಜಾರಿಬಿದ್ದ ನೊಣ, ಇರುವೆಗಳನ್ನು ಕರಗಿಸಿ ತಿನ್ನುವ ಗಿಡ ಅದು. ತಂದವರು ಮಾತ್ರ ಈರುಳ್ಳಿಯನ್ನೂ ಮುಟ್ಟದವರು. "ನೊಣ ಹಿಡಿದು ತಂದು ಬಿಡಮ್ಮ, ಆದರೆ ಸಾಯಿಸಬೇಡ. ಅದಾಗೇ ಒಳಗೆ ಬಿದ್ದರೆ ಬೀಳಲಿ" ಎಂದು ಹೇಳಿ ಗಿಡವನ್ನು ನನ್ನ ತಲೆಗೆ ಕಟ್ಟಿದರು.

ಬಂದಾಗ ಅದಕ್ಕೆ ನಾಲ್ಕು ಹೂಜಿಗಳಿದ್ದವು. ತಿಂಗಳೊಳಗೆ ಮೂರು ಒಣಗಿದವು, ಎಲೆ ಹಳದಿಯಾಯಿತು. ಹಸಿವೇ ಕಾರಣ ಎಂದು ಎಲ್ಲರೂ ತೀರ್ಮಾನಿಸಿದರು. ನಮ್ಮ ಮಾಲಿ ಮದಕರಿಪುರದವನು, ಕುರಿ ಕಾಯುವ ಮನೆತನ. ಕುರಿ ಹಿಕ್ಕೆಗೆ ಬಗ್ಗದ ಕಾಯಿಲೆ ಗಿಡಗಳ ಜಾತಿಯಲ್ಲೇ ಇಲ್ಲ ಎಂದು ಅವನ ನಂಬಿಕೆ. ನನ್ನ ಕಣ್ಣು ತಪ್ಪಿಸಿ ಬೊಗಸೆಗಟ್ಟಲೆ ಸುರಿಯುತ್ತಿದ್ದ. ಸೋಮವಾರ ನೊಣ ತರಲೂ ಬಿಡುತ್ತಿರಲಿಲ್ಲ. "ಇವತ್ತು ವಾರ ಅಲ್ವೇನ್ರವ್ವ, ಒಂದಿನ ಉಪಾಸ ಇರ್ಲಿ ಬಿಡ್ರಿ" ಎನ್ನುತ್ತಿದ್ದ.

ನೊಣ ಹೇರಳವಾಗಿ ಸಿಗುವುದು ಮಟನ್ ಅಂಗಡಿಯ ಮುಂದೆ. ಮೊಟ್ಟೆ ಕಂಡರೂ ಮುಖ ತಿರುಗಿಸುವ ಮನೆಯ ಮಗಳಾದ ನಾನು ದಿನಾ ಬೆಳಿಗ್ಗೆ ಉಪ್ಪಿನಕಾಯಿ ಬಾಟಲಿ ಹಿಡಿದು ಅಲ್ಲಿ ನಿಲ್ಲುತ್ತಿದ್ದೆ. ಅಂಗಡಿಯವನಿಗೆ ಮೊದಮೊದಲು ಅವಮಾನವಾಯಿತು. ಆಮೇಲೆ ಅಭ್ಯಾಸವಾಗಿ, "ಇವತ್ತು ಒಳ್ಳೊಳ್ಳೇ ನೊಣ ಅವೆ ಮೇಡಂ, ಈ ಕಡೆ ಬರ್ರಿ" ಎಂದು ಕರೆಯತೊಡಗಿದ. ಹಿಡಿದ ನೊಣಗಳನ್ನು ಗಾಜಿನ ಮನೆಯಲ್ಲಿ ಬಿಟ್ಟರೆ ಹೂಜಿಯ ಕಡೆ ತಿರುಗಿಯೂ ನೋಡದೆ ಮುಖ್ಯಸ್ಥರ ಬೋಳು ತಲೆಯ ಮೇಲೆ ಕೂರುತ್ತಿದ್ದವು. ಪಾಪ, ಅವರು ಹೊಡೆಯುವಂತೆಯೂ ಇರಲಿಲ್ಲ. ನನಗೆ ಒಳಗೊಳಗೇ ಖುಷಿಯಾಗುತ್ತಿತ್ತು.

ಅದೇ ಹೊತ್ತಿಗೆ ರಾಮಗಿರಿಯಿಂದ ನನಗೊಂದು ಸಂಬಂಧ ಬಂತು. ಹುಡುಗ ಹಿರಿಯೂರಿನಲ್ಲಿ ಗುಮಾಸ್ತ. ಅದಕ್ಕೆ ಮೊದಲು ನೋಡಲು ಬಂದವರೆಲ್ಲ ಹಾಡು ಬರುತ್ತಾ, ಹೋಳಿಗೆ ಬರುತ್ತಾ ಎಂದು ಕೇಳಿ ಎದ್ದು ಹೋಗಿದ್ದರು. ಈತ ಮಾತ್ರ, ಹೂಜಿ ಗಿಡದ ಮಾತು ಬಂದಾಗ, "ಆ ಗಿಡಕ್ಕೆ ಒಂದು ನೊಣ ಅರಗೋಕೆ ಎಷ್ಟು ದಿನ ಬೇಕ್ರಿ?" ಎಂದು ಕೇಳಿದ. ನನ್ನ ಕೆಲಸದ ಬಗ್ಗೆ ಅದುವರೆಗೆ ಯಾವ ಗಂಡಸೂ ಒಂದು ಪ್ರಶ್ನೆ ಕೇಳಿರಲಿಲ್ಲ. ಮದುವೆಯಾದರೆ ಇವನನ್ನೇ ಎಂದು ಕಾಫಿ ಲೋಟ ಎತ್ತುವಷ್ಟರಲ್ಲಿ ನಿರ್ಧರಿಸಿಬಿಟ್ಟೆ.

ಅವರು ಹೋಗಿ ವಾರ ಕಳೆದಿರಲಿಲ್ಲ, ಹುಡುಗಿ ದಿನಾ ಮಟನ್ ಅಂಗಡಿಗೆ ಹೋಗುತ್ತಾಳೆ ಎಂಬ ಸುದ್ದಿ ರಾಮಗಿರಿ ಮುಟ್ಟಿತು. ಹುಡುಗನ ತಾಯಿ ಯಾರಿಗೂ ಹೇಳದೆ ಬಸ್ಸು ಹತ್ತಿ ಸೀದಾ ಕಾಲೇಜಿಗೇ ಬಂದರು. ನಾನು ಗಿಡ ತೋರಿಸಿದೆ, ಬಾಟಲಿ ತೋರಿಸಿದೆ, ನೊಣಗಳನ್ನೂ ತೋರಿಸಿದೆ. ಆಕೆ ಕುಂಡದ ಮಣ್ಣಿನ ಮೇಲೆ ಕಟ್ಟಿದ್ದ ಬಿಳಿ ಪೊರೆಯನ್ನು ಉಗುರಿನಿಂದ ಕೆರೆದರು. ಪಕ್ಕದ ಬಕೆಟ್ಟಿನ ನೀರನ್ನು ಒಂದು ಗುಟುಕು ಬಾಯಿಗೆ ಹಾಕಿಕೊಂಡು ಉಗಿದರು.

"ಬಾವಿ ನೀರೇನವ್ವ ಇದು?"

"ಹೌದಮ್ಮ."

"ಸವಳು. ಇದ್ರಾಗೆ ತೊಗರಿಬೇಳೇನೇ ಬೇಯಲ್ಲ, ಗಿಡ ಹೆಂಗೆ ಬದುಕ್ತೈತೆ? ಮೊದ್ಲು ಆ ಹಿಕ್ಕೆ ತೆಗ್ಸು."

ಗಿಡಗಳ ಬಗ್ಗೆ ಓದಿ ಸಂಬಳ ತಿನ್ನುತ್ತಿದ್ದ ನಮ್ಮಲ್ಲಿ ಒಬ್ಬರೂ ಆ ನೀರಿನ ರುಚಿ ನೋಡಿರಲಿಲ್ಲ. ನನಗೆ ನಾಚಿಕೆಯಾಯಿತು. ಮಟನ್ ಅಂಗಡಿಯ ಮಾತನ್ನು ಆಕೆ ಎತ್ತಲೇ ಇಲ್ಲ.

ಮುಂದಿನ ಶನಿವಾರ ರಾಮಗಿರಿ ಬಸ್ಸಿನ ಕಂಡಕ್ಟರ್ ಒಂದು ತಗಡಿನ ಡಬ್ಬಿ ತಂದುಕೊಟ್ಟ. ಹುಡುಗನ ತಾಯಿ ತಮ್ಮ ಮನೆಯ ಹೆಂಚಿನಿಂದ ಹಿಡಿದು ಕಳಿಸಿದ ಮಳೆನೀರು. ದುರ್ಗದಲ್ಲಿ ಆ ವರ್ಷ ಮೋಡ ಬರುತ್ತಿದ್ದವು, ಮಳೆ ಬರುತ್ತಿರಲಿಲ್ಲ. ಆಮೇಲೆ ಪ್ರತಿ ಶನಿವಾರ ಡಬ್ಬಿ ಬಂತು, ಸಂಬಂಧದ ಬಗ್ಗೆ ಮಾತ್ರ ಹೂಂ ಇಲ್ಲ, ಉಹೂಂ ಇಲ್ಲ. ನಮ್ಮ ಮನೆಯಲ್ಲಿ ನೀರನ್ನೇ ಒಪ್ಪಿಗೆ ಎಂದುಕೊಂಡರು. "ಇಷ್ಟ ಇಲ್ದೇ ಇದ್ರೆ ಯಾರಾದ್ರೂ ನೀರು ಕಳಿಸ್ತಾರೇನೇ?" ಎಂದು ಅಮ್ಮ ಅಂಗಡಿಯಲ್ಲಿ ಎರಡು ಸೀರೆಯನ್ನೂ ಆರಿಸಿಟ್ಟು ಬಂದಳು. ನಾನೂ ನಂಬಿದೆ. ನಂಬಲು ಬಹಳ ಆಸೆಯಿತ್ತು.

ಆರನೇ ಡಬ್ಬಿಯ ಹೊತ್ತಿಗೆ ಎಲೆಯ ತುದಿಯಲ್ಲಿ ಹೆಸರುಕಾಳಿನಷ್ಟು ಹೊಸ ಹೂಜಿ ಮೂಡಿತು. ಮುಖ್ಯಸ್ಥರು ಅದಕ್ಕೆ ಕೈಮುಗಿದರು. ನಾನು ನೊಣ ಹಿಡಿಯುವುದನ್ನು ಬಿಟ್ಟಿದ್ದರಿಂದ ಮಟನ್ ಅಂಗಡಿಯವನು ಗೇಟಿನ ತನಕ ಬಂದು, ಮೇಡಂಗೆ ಹುಷಾರಿಲ್ವಾ ಎಂದು ವಿಚಾರಿಸಿಕೊಂಡು ಹೋದ.

ಹತ್ತನೇ ಡಬ್ಬಿ ಕೊಡುವಾಗ ಕಂಡಕ್ಟರ್ ಹೇಳಿದ: "ಮುಂದಿನ್ವಾರ ನೀರು ಕಳ್ಸಾಕಾಗಲ್ಲಂತೆ ಮೇಡಂ. ಮಗನ ಮದುವೆ ಐತಲ್ಲ, ಹೊಸದುರ್ಗದಾಗೆ. ಇದನ್ನೇ ಎರಡು ವಾರ ಮಾಡ್ಕಳ್ರಿ ಅಂತ ಹೇಳ್ಯಾರೆ."

"ಆಗಲಿ" ಎಂದೆ. ಅವನು ಹೋದ ಮೇಲೆ ಗಾಜಿನ ಮನೆಯ ಬಾಗಿಲು ಹಾಕಿಕೊಂಡೆ. ಅಳು ತಡೆಯಲಾಗಲಿಲ್ಲ. ಆಕೆಯ ಮೇಲೆ ಸಿಟ್ಟು ಮಾಡಿಕೊಳ್ಳೋಣವೆಂದರೆ ಸಿಟ್ಟೂ ಬರಲಿಲ್ಲ. ಕೊನೆಗೆ ಡಬ್ಬಿಯ ನೀರನ್ನು ಲೋಟದಲ್ಲಿ ಅಳೆದೆ. ದಿನಕ್ಕೆ ಅರ್ಧ ಲೋಟದಂತೆ ಹಾಕಿದರೆ ಎರಡು ವಾರಕ್ಕೆ ಸಾಕಾಗುತ್ತಿತ್ತು. ಮದುವೆಯ ದಿನವೂ ಅರ್ಧ ಲೋಟ ಹಾಕಿದೆ.