ಮೇಸ್ತ್ರಿಯನ್ನು ಕೇಳಿ

ಮಾಚೇನಹಳ್ಳಿಯ ಎರಕದ ಕಾರ್ಖಾನೆಗೆ ಎಂಜಿನಿಯರ್ ಆಗಿ ಸೇರಿದಾಗ ನನ್ನ ಪಾಲಿಗೆ ಬಂದದ್ದು ಒಂದು ಹಳೆಯ ಪ್ರೋಗ್ರಾಂ. ಕರಗಿದ ಕಬ್ಬಿಣ ಮರಳಿನ ಅಚ್ಚಿನೊಳಗೆ ಹೇಗೆ ಆರುತ್ತದೆ, ಎಲ್ಲಿ ಟೊಳ್ಳಾಗುತ್ತದೆ ಎಂಬುದನ್ನು ಸುರಿಯುವ ಮೊದಲೇ ಕಂಪ್ಯೂಟರಿನಲ್ಲಿ ತೋರಿಸುವುದು ಅದರ ಕೆಲಸ. ಬರೆದವರು ಕೆಲಸ ಬಿಟ್ಟು ವರ್ಷಗಳಾಗಿದ್ದವು. ನಾನೋ, ಹಳೆಯದೆಂದರೆ ಮೂಗು ಮುರಿಯುವವಳು. ಹೊಸದನ್ನೇ ಬರೆಯಲು ಕೂತೆ.

ಹಳೆಯದರಲ್ಲಿ ಮಳೆಗಾಲದ ತಿಂಗಳುಗಳಿಗೆ ಮಾತ್ರ ರೈಸರನ್ನು, ಅಂದರೆ ಅಚ್ಚಿನ ಮೇಲೆ ಹೆಚ್ಚುವರಿ ಕಬ್ಬಿಣ ನಿಲ್ಲಿಸುವ ಭಾಗವನ್ನು, ದೊಡ್ಡದು ಮಾಡುವ ಒಂದು ಸಂಖ್ಯೆಯಿತ್ತು. ನಾನು ಓದಿದ ಯಾವ ಪುಸ್ತಕದಲ್ಲೂ ಅದಿರಲಿಲ್ಲ. ಪಕ್ಕದಲ್ಲೊಂದು ಟಿಪ್ಪಣಿ: ‘ಬದಲಾಯಿಸುವ ಮೊದಲು ಮೇಸ್ತ್ರಿಯನ್ನು ಕೇಳಿ.’ ಅಚ್ಚು ಕಟ್ಟುತ್ತಿದ್ದ ಆ ಮೇಸ್ತ್ರಿ ನಿವೃತ್ತರಾಗಿದ್ದರು. ಲೆಕ್ಕಕ್ಕೆ ಮೇಸ್ತ್ರಿಯೇಕೆ ಎಂದು ನಕ್ಕು, ನನ್ನ ಹೊಸದರಲ್ಲಿ ಸಂಖ್ಯೆ, ಟಿಪ್ಪಣಿ ಎರಡನ್ನೂ ಕೈಬಿಟ್ಟೆ.

ಜುಲೈನಲ್ಲಿ ಪಂಪಿನ ಕವಚದ ಆರ್ಡರ್ ಬಂತು. ನನ್ನ ಹೊಸ ಪ್ರೋಗ್ರಾಂ ತೋರಿಸಿದಂತೆ ಪರದೆಯ ಮೇಲೆ ಎಲ್ಲ ಸರಿಯಾಗಿತ್ತು. ಎರಡು ಸಲ ಎರಕ ಹೊಯ್ದೆವು; ಕತ್ತರಿಸಿ ನೋಡಿದರೆ ಎರಡು ಸಲವೂ ಒಳಗೆ ಟೊಳ್ಳು.

“ಇನ್ನೊಂದೇ ಸಲ ನೋಡೋಣಮ್ಮ. ಆಗ್ಲಿಲ್ಲ ಅಂದ್ರೆ ಆರ್ಡರೂ ಹೋಗುತ್ತೆ, ನಿಮ್ಮ ಪ್ರೋಗ್ರಾಮೂ ಬೇಡ” ಅಂದರು ಮಾಲೀಕರು. ಪ್ರೋಗ್ರಾಂ ಬೇಡವಾದರೆ ನಾನೂ ಬೇಡ ಎಂದು ಬಿಡಿಸಿ ಹೇಳಬೇಕಿರಲಿಲ್ಲ.

ಮರುದಿನ ರಾಗಿಗುಡ್ಡದಲ್ಲಿದ್ದ ಮೇಸ್ತ್ರಿಯ ಮನೆ ಹುಡುಕಿಕೊಂಡು ಹೋದೆ. ಚಹಾ ಕೊಟ್ಟ ಮೇಲೆಯೇ ಅವರು ಮಾತಿಗಿಳಿದದ್ದು.

“ಮಳೆಗಾಲದಲ್ಲಿ ನಮ್ಮ ಶೆಡ್ಡಲ್ಲಿ ಮರಳು ತೇವ ಬಿಡಲ್ಲ ಬೇಟಾ. ಕಬ್ಬಿಣ ಬಿದ್ದ ಕೂಡ್ಲೇ ಅಚ್ಚಿನ ಗೋಡೆ ಹಿಂದಕ್ಕೆ ಸರಿಯುತ್ತೆ. ಒಳಗೆ ಜಾಗ ಜಾಸ್ತಿ ಆಯ್ತಲ್ಲ, ಅದನ್ನ ತುಂಬೋಕೆ ರೈಸರ್ ದೊಡ್ದು ಬೇಕು.”

“ಎಷ್ಟು ದೊಡ್ದು ಚಾಚಾ?”

ಎರಡೂ ಕೈ ಎತ್ತಿ ಗಾಳಿಯಲ್ಲೇ ಅಳತೆ ತೋರಿಸಿದರು. ನಾಚಿಕೆ ಬಿಟ್ಟು ಟೇಪು ಹಿಡಿದೆ. ನಾನು ಕೈಬಿಟ್ಟಿದ್ದ ಸಂಖ್ಯೆ ಕೊಡುತ್ತಿದ್ದ ಅಳತೆಗೂ ಆ ಕೈಗಳ ಅಂತರಕ್ಕೂ ಕೂದಲೆಳೆಯಷ್ಟೇ ವ್ಯತ್ಯಾಸ.

ಆ ಅಳತೆಯ ರೈಸರ್ ಇಟ್ಟು ಹೊಯ್ದ ಮೂರನೆಯ ಎರಕ ಗಟ್ಟಿಯಾಗಿ ಬಂತು. ಆರ್ಡರ್ ಉಳಿಯಿತು, ನಾನೂ ಉಳಿದೆ. ಹೊಸದು ಬರೆಯುವ ಹಟ ಬಿಟ್ಟು, ಹಳೆಯ ಪ್ರೋಗ್ರಾಮನ್ನೇ ಇಟ್ಟುಕೊಂಡು, ಆ ಸಂಖ್ಯೆಯ ಕೆಳಗೆ ಮೇಸ್ತ್ರಿ ಹೇಳಿದ ಕಾರಣವನ್ನು ಅವರ ಮಾತಿನಲ್ಲೇ ಬರೆದೆ. ಇವತ್ತಿಗೂ ನಮ್ಮ ಪ್ರತಿಯೊಂದು ಎರಕವೂ ಅದರಲ್ಲೇ ಹಾದುಬರುತ್ತದೆ. ಆ ಮನುಷ್ಯನ ಋಣ ದೊಡ್ಡದು.

ಆ ಎರಕ ಗೆದ್ದ ವಾರದ ಭಾನುವಾರವೇ ಲ್ಯಾಪ್‌ಟಾಪ್ ಹೊತ್ತು ಮತ್ತೆ ಮೇಸ್ತ್ರಿಯ ಮನೆಗೆ ಹೋಗಿದ್ದೆ. ಹಳೆಯ ಟಿಪ್ಪಣಿಯನ್ನು ಓದಿ ಹೇಳಿ, ಅದನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳದಿದ್ದುದನ್ನೂ ಒಪ್ಪಿಕೊಂಡೆ. ಅವರಿಗೆ ನನ್ನ ತಪ್ಪು ಕೇಳಿಸಿದಂತೆಯೇ ಕಾಣಲಿಲ್ಲ.

“ನನ್ನನ್ನ ಕೇಳಿ ಅಂತ ಬರ್ದಿದ್ರಾ? ಇಷ್ಟು ವರ್ಷ ನಾನು ಇದ್ರೊಳಗೆ ಇದ್ನಾ?”

ಕನ್ನಡಕ ಹಾಕಿಕೊಂಡು ಬಂದು ಪಕ್ಕದಲ್ಲಿ ಕೂತರು. “ಎಲ್ಲಿದೆ ತೋರ್ಸು. ಇನ್ನೊಂದ್ಸಲ ಓದು ಬೇಟಾ.”