ಒಣ ಕೆರೆಯಲ್ಲಿ ತೆಪ್ಪ

ತುಮಕೂರಿನ ಮರಳೂರಿನಲ್ಲಿ ನಮ್ಮ ಬೀದಿಗೆ ಡಾಂಬರು ಹಾಕುತ್ತಿದ್ದಾರೆ. ಬೆಳಿಗ್ಗೆಯಿಂದ ಗೇಟಿನ ಮುಂದೆ ಡ್ರಮ್ಮು ಕುದಿಯುತ್ತಿದೆ. ಅಕ್ಕಪಕ್ಕದವರೆಲ್ಲ ಕಿಟಕಿ ಮುಚ್ಚಿಕೊಂಡರೆ ನಾನೊಬ್ಬ ಕಾಫಿ ಲೋಟ ಹಿಡಿದು ಹೊಗೆಯ ಪಕ್ಕದಲ್ಲೇ ನಿಂತಿದ್ದೇನೆ. ರಿಟೈರಾದವನಿಗೆ ಬೇರೇನು ಕೆಲಸ ಎಂದು ನೀವು ಅಂದುಕೊಂಡರೆ ಅದೂ ನಿಜವೇ. ಆದರೆ ನನ್ನ ಪಾಲಿಗೆ ಈ ವಾಸನೆ ರಸ್ತೆಯದಲ್ಲ, ರಂಗಪ್ಪನ ತೆಪ್ಪದ್ದು.

ಗುಬ್ಬಿಯ ಹತ್ತಿರದ ಒಂದು ಊರಿನಲ್ಲಿ ನಾನು ಪೋಸ್ಟ್ ಮಾಸ್ಟರ್ ಆಗಿದ್ದೆ. ಆಫೀಸಿನ ಹಿಂದೆಯೇ ಕೆರೆ ಏರಿ. ಕೆರೆ ಎನ್ನುವುದು ಬರೀ ಮಾತಿಗೆ. ಎಷ್ಟೋ ವರ್ಷಗಳಿಂದ ಹನಿ ನೀರಿಲ್ಲದೆ ಅದರ ಅಂಗಳದಲ್ಲಿ ಕ್ರಿಕೆಟ್ ನಡೆಯುತ್ತಿತ್ತು. ರಂಗಪ್ಪನದು ತಲೆತಲಾಂತರದಿಂದ ಆ ಕೆರೆಯಲ್ಲಿ ಮೀನು ಹಿಡಿದ ಮನೆತನ. ನೀರು ಹೋದ ಮೇಲೆ ಬಲೆಗಳು ಅಟ್ಟ ಸೇರಿದವು, ಮಗ ಟೆಂಪೊ ಓಡಿಸಲು ಹೋದ. ಆದರೂ ರಂಗಪ್ಪ ಪ್ರತಿ ಬೇಸಿಗೆಯಲ್ಲಿ ಡಾಂಬರು ಕಾಯಿಸಿ, ದುಂಡನೆಯ ದೊಡ್ಡ ಬುಟ್ಟಿಯಂಥ ಆ ಬಿದಿರಿನ ತೆಪ್ಪಕ್ಕೆ ನೀರು ಒಸರದಂತೆ ಬಳಿಯುತ್ತಿದ್ದ. ಆ ವಾಸನೆ ಬಂತೆಂದರೆ ಟಪಾಲು ವಿಂಗಡಿಸುತ್ತಿದ್ದ ನಾನು ಮೂಗು ಮುಚ್ಚಿಕೊಂಡು ಬೈಯುತ್ತಿದ್ದೆ.

ಒಂದು ಭಾನುವಾರ ನೋಡುತ್ತೇನೆ, ಒಣ ಕೆರೆಯ ನಡುವೆ ರಾಗಿ ಹೊಟ್ಟಿನ ಗುಡ್ಡೆ, ಅದರ ಮೇಲೆ ತೆಪ್ಪ, ತೆಪ್ಪದಲ್ಲಿ ಹುಟ್ಟು ಹಿಡಿದು ಮಂಡಿಯೂರಿದ ರಂಗಪ್ಪನ ಸೊಸೆ ಪುಟ್ಟಮ್ಮ. ಕೋರ ಎಂಬ ಒಣ ಊರಿನ ಹೆಣ್ಣುಮಗಳು, ತವರಿನ ಬಾವಿ ಬಿಟ್ಟರೆ ಹೆಚ್ಚು ನೀರು ಕಂಡವಳಲ್ಲ. ವಾರವೆಲ್ಲ ತುಮಕೂರು ಪಕ್ಕದ ಸತ್ಯಮಂಗಲದ ಫ್ಯಾಕ್ಟರಿಯಲ್ಲಿ ದುಡಿಮೆ, ಭಾನುವಾರ ಈ ಪಾಠ. ರಂಗಪ್ಪ ತೆಪ್ಪದ ಅಂಚು ಹಿಡಿದು ತಳ್ಳುತ್ತಿದ್ದ. ಹೊಟ್ಟಿನ ಮೇಲೆ ತೆಪ್ಪ ಜಾರಿ ತಿರುಗುತ್ತಿತ್ತು. ಹೀಗೆ ತಳ್ಳಿದರೆ ಮೂಡಣ ಗಾಳಿ, ಹಾಗೆ ಎಳೆದರೆ ತೂಬಿನ ಸೆಳೆತ ಎಂದು ಹೇಳಿಕೊಡುತ್ತಿದ್ದ. ಅವಳು ಹೊಟ್ಟಿಗೇ ಹುಟ್ಟು ಹಾಕಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ಎಳೆದು, ತೆಪ್ಪವನ್ನು ನೆಟ್ಟಗೆ ಮಾಡಬೇಕು. ನೀರಿಲ್ಲದ ಕೆರೆಯಲ್ಲಿ ಆ ಮುದುಕ ತಾನೇ ನೀರಾಗಿದ್ದ.

ಈಗ ಇಷ್ಟು ಚೆನ್ನಾಗಿ ಹೇಳುತ್ತೇನೆ, ಆಗ ಏರಿಯ ಮೇಲೆ ನಿಂತು ನಕ್ಕವರಲ್ಲಿ ನಾನೇ ಮುಂದಾಳು. "ರಂಗಪ್ಪಾ, ಗುಬ್ಬಿಗೆ ಟಿಕೆಟ್ ಎಷ್ಟಪ್ಪಾ?" ಎಂದು ಕೂಗಿದೆ. ಜನ ಬಿದ್ದು ಬಿದ್ದು ನಕ್ಕರು. ಅವನಿಗೆ ಸಿಟ್ಟು ಬರಲಿಲ್ಲ. ಸಂಜೆ ಆಫೀಸಿನ ಜಗಲಿಯಲ್ಲಿ ಕೂತು ನಿಧಾನವಾಗಿ ಹೇಳಿದ:

"ನೀರು ಇವತ್ತಲ್ಲ ನಾಳೆ ಬಂದೇ ಬತ್ತದೆ ಸೋಮಿ. ಬಂದಾಗ ನಾನಿರಾಕಿಲ್ಲ. ಈ ಇದ್ಯೆ ನನ್ ಜೊತೆಗೇ ಹೊಂಟೋದ್ರೆ, ನೀರು ಬಂದಾದ್ರೂ ಏನ್ ಮಾಡ್ತದೆ?"

ನಾಲ್ಕು ವರ್ಷ, ಒಂದು ಭಾನುವಾರವೂ ತಪ್ಪದೆ ಪಾಠ ನಡೆಯಿತು. ಎರಡನೆಯ ವರ್ಷಕ್ಕೆ ನನ್ನ ನಗೆ ಅಡಗಿತ್ತು. ಮೂರನೆಯ ವರ್ಷ ನಾನೇ ಫ್ಲಾಸ್ಕಿನಲ್ಲಿ ಟೀ ಒಯ್ಯುತ್ತಿದ್ದೆ. ನನಗೆ ತುಮಕೂರಿಗೆ ವರ್ಗವಾದ ವರ್ಷವೇ ರಂಗಪ್ಪ ತೀರಿಕೊಂಡ. ಅವನು ಹೇಳಿದಂತೆಯೇ ಆಯಿತು.

ಹೋದ ವರ್ಷ ನಾಲೆಯ ನೀರು ಬಂದು ಕೆರೆ ತುಂಬಿತು. ತೆಪ್ಪ ಇಳಿಸುತ್ತೇವೆ, ಬನ್ನಿ ಎಂದು ಪುಟ್ಟಮ್ಮ ಫೋನ್ ಮಾಡಿದಳು. ಹೋದೆ. ಊರೆಲ್ಲ ಏರಿಯ ಮೇಲಿತ್ತು. ಗಂಡ ಹೆದರಿ ತೆಪ್ಪಕ್ಕೆ ಹಗ್ಗ ಕಟ್ಟಿದ್ದ, ಅವಳು ಬಿಚ್ಚಿಟ್ಟಳು. ಜೀವಮಾನದಲ್ಲಿ ಮೊದಲ ಸಲ ನೀರಿಗಿಳಿದವಳು ನೂಲು ಹಿಡಿದ ಹಾಗೆ ನೆಟ್ಟಗೆ ತೂಬಿನ ತನಕ ಹೋಗಿ, ಹಾಗೇ ಹಿಂದಿರುಗಿದಳು. ನನಗಂತೂ ಕಣ್ಣು ಮಂಜಾಯಿತು.

ದಡಕ್ಕೆ ಬಂದವಳು ನನ್ನನ್ನೇ ನೋಡಿ, "ಟಿಕೆಟ್ ಕೇಳಿದ್ರಲ್ಲ ಸಾರ್, ಹತ್ತಿ" ಅಂದಳು.

ಹತ್ತಿದೆ. ಕೆರೆಯ ನಡುವೆ ಗಾಳಿ ಎದ್ದಿತು. ತೆಪ್ಪ ಗಿರ್ರನೆ ಅರ್ಧ ಸುತ್ತು ತಿರುಗಿದಾಗ ನಾನು ಕಣ್ಣು ಮುಚ್ಚಿ ಅಂಚು ಹಿಡಿದುಕೊಂಡೆ. ಪುಟ್ಟಮ್ಮ ಎರಡೇ ಸಲ ಹುಟ್ಟು ಎಳೆದಳು. ಹಿಂದಕ್ಕೆ ತಿರುಗಿಯೂ ನೋಡದೆ, ಅಡುಗೆಮನೆಯಿಂದ ಮಾತಾಡಿದಷ್ಟು ಸಲೀಸಾಗಿ ಹೇಳಿದಳು:

"ಒಸಿ ಎಡಕ್ಕೆ ವಾಲ್ಕಳಿ ಸಾರ್. ಮಾವ ತಳ್ತಾವ್ರೆ."

ಅಷ್ಟು ದೊಡ್ಡ ನೀರಿನಲ್ಲಿ, ನಮ್ಮಿಬ್ಬರನ್ನು ಬಿಟ್ಟರೆ ಯಾರೂ ಇಲ್ಲದ ಕಡೆ, ನಾನು ಎಡಕ್ಕೆ ವಾಲಿದೆ.

ಇಗೋ, ಬೀದಿಯಲ್ಲಿ ಗಾಳಿ ತಿರುಗಿ ಡಾಂಬರಿನ ಹೊಗೆ ನನ್ನ ಕಡೆಗೇ ನುಗ್ಗಿತು. ದೂರ ನಿಲ್ಲಿ ಸಾರ್ ಎಂದು ಕೆಲಸದವನು ಕೂಗಿದ. ಲೋಟದ ಕಾಫಿ ಅಂಗಿಯ ಮೇಲೆ ಚೆಲ್ಲಿತು. ನೋಡಿಕೊಂಡರೆ, ನಾನು ಗಟ್ಟಿ ನೆಲದ ಮೇಲೆ ನಿಂತೇ ಎಡಕ್ಕೆ ವಾಲಿದ್ದೆ.