ಮುಂಬಾಗಿಲ ಶಿವಲೀಲಾ ಆಂಟಿ

ಡಲ್ಲಾಸ್‌ನಲ್ಲಿ ಮನೆ ಹುಡುಕುವ ಕನ್ನಡಿಗರಿಗೆಲ್ಲ ಮನೆ ಕೊಡಿಸುವ ರಿಯಾಲ್ಟರ್ ಶಿವಲೀಲಾ ಆಂಟಿ ಗೊತ್ತು. ಇಳಕಲ್ ಸೀರೆಯ ಕೆಳಗೆ ಸ್ನೀಕರ್ಸ್ ತೊಟ್ಟು, ಹೊರವಲಯದ ಪ್ರಾಸ್ಪರ್‌ನ ಹೊಸ ಮನೆಯನ್ನೂ ಊರೊಳಗಿನ ಹಳೆಯ ಮನೆಯನ್ನೂ ಒಂದೇ ಹುರುಪಿನಲ್ಲಿ ತೋರಿಸುತ್ತಾರೆ. ಎಷ್ಟು ಚೌಕಾಶಿ ಮಾಡಿದರೂ ಸಿಟ್ಟಾಗುವುದಿಲ್ಲ; ಗರಾಜಿನಿಂದ ಒಳಗೆ ಹೋಗೋಣವೆಂದರೆ ಮಾತ್ರ ಕೆಂಡವಾಗುತ್ತಾರೆ. ನಾವೆಲ್ಲ ಇಲ್ಲಿ ಕಾರಿನಿಂದಿಳಿದು ಗರಾಜಿನ ಮೂಲಕವೇ ಮನೆ ಸೇರುವವರು. ನಮ್ಮ ಮುಂಬಾಗಿಲು ಇರುವುದು ಕೊರಿಯರ್ ಪೆಟ್ಟಿಗೆಗಳಿಗೆ. ಆಂಟಿಯೋ, ಊಟಕ್ಕೆ ಕರೆದರೂ ಮುಂದೆ ನಿಂತು ಬೆಲ್ ಒತ್ತುತ್ತಾರೆ, ತೆರೆಯುವವರೆಗೂ ಒತ್ತುತ್ತಾರೆ. ಹಳೆಯ ಮನೆ ತೋರಿಸುವಾಗಲಂತೂ, ಸುಡುಬಿಸಿಲಿನಲ್ಲೂ ನಮ್ಮನ್ನು ಮುಂಬಾಗಿಲಿಗೇ ಕರೆತಂದು, ಆ ಮನೆಯ ಎಂಬತ್ತು ವರ್ಷದ ಹಿಂದಿನ ಕರಾರುಪತ್ರ ತೆಗೆಯುತ್ತಾರೆ. ಬಿಳಿಯರಲ್ಲದವರು ಇಲ್ಲಿ ವಾಸಿಸಕೂಡದು, ಮನೆಗೆಲಸದವರಾದರೆ ಅಡ್ಡಿಯಿಲ್ಲ ಎಂದು ಅದರಲ್ಲಿದೆ. “ಜೋರಾಗಿ ಓದ್ರಿ, ಓಣಿಗೆಲ್ಲಾ ಕೇಳ್ಲಿ,” ಎನ್ನುತ್ತಾರೆ. ಕಳೆದ ಶನಿವಾರ ಹಾಗೆ ಓದಿದ ನನ್ನ ಹೆಂಡತಿ ಮಧುರಾ, “ಅದೀಗ ನಡೆಯಲ್ವಲ್ಲ ಆಂಟಿ, ಯಾಕೆ ಓದ್ಬೇಕು?” ಎಂದು ಮುಜುಗರಪಟ್ಟಳು. ಆಂಟಿ ಬೀಗ ತೆಗೆಯುತ್ತ ಹೇಳಿದರು: “ಬ್ರಿಟಿಷರ ಕಾಲದಾಗ ನಮ್ಮಜ್ಜಿ ಹುಬ್ಬಳ್ಳಿ ರೈಲ್ವೆ ಸಾಹೇಬನ ಬಂಗ್ಲೆದಾಗ ಕೆಲಸಕ್ಕಿದ್ಲವಾ. ಆ ಕಾಲೋನಿಯೊಳಗ ನಮ್ಮ ಮಂದಿ ಮನಿ ಮಾಡೂಹಂಗಿರಲಿಲ್ಲ. ಮೂವತ್ತು ವರ್ಷ ದಿನಾ ಮುಂಬಾಗಿಲ ಪಾವಟಿಗಿ ತೊಳದ್ಲು, ಒಳಗ ಹೋಗಿದ್ದು ಮಾತ್ರ ಹಿತ್ತಲ ಬಾಗಿಲಿಂದ.” ಬಾಗಿಲು ತೆರೆಯಿತು. ನಾನು ಅಭ್ಯಾಸಬಲದಿಂದ ಮೆಟ್ಟಿಲ ಮೇಲೆ ಬೂಟು ಬಿಚ್ಚಲು ಬಗ್ಗಿದೆ. ಆಂಟಿ ನನ್ನ ತೋಳು ಹಿಡಿದು ಎಬ್ಬಿಸಿದರು. “ಬಿಚ್ಚಬ್ಯಾಡ್ರಿ. ಈ ಪಾವಟಿಗಿ ಮ್ಯಾಲೆ ಒಂದಿಷ್ಟು ನಮ್ಮ ಕಾಲಿನ ಮಣ್ಣು ಬೀಳ್ಲಿ.”